ಸಂಖ್ಯೆ ಒಂದು ಕಡೆ, ಡೇಟಾ ಇನ್ನೊಂದು ಕಡೆ: ಕೆಲಸದ ಮೇಲೆ ವಿದೇಶಕ್ಕೆ ಹೋಗುವವರ ಸಂಪರ್ಕದ ಆಯ್ಕೆಗಳು

"ಒಂಬತ್ತು ದಿನ, ಮೂರು ದೇಶ. ಇರುವ ಸಿಮ್ಮಿಗೇ ರೋಮಿಂಗ್ ಪ್ಯಾಕ್ ಹಾಕಿಸಲೇ, ಹೋದಲ್ಲಿ ಸಿಮ್ ಕೊಳ್ಳಲೇ, ಎಲ್ಲರೂ ಹೇಳುವ ಇ-ಸಿಮ್ ನಂಬಬಹುದೇ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಎದುರಾಗುತ್ತದೆ. ಕೇಳುವವರು ಮಾತ್ರ ಬೇರೆ ಬೇರೆ. ಮೊದಲ ಸಲ ಹೊರಟ ಎಂಜಿನಿಯರ್, ವರ್ಷಕ್ಕೆ ಹತ್ತು ಸಲ ಹಾರುವ ಮಾರಾಟ ವಿಭಾಗದವರು, ಸ್ವಂತ ಖರ್ಚಿನಲ್ಲಿ ಗ್ರಾಹಕರನ್ನು ಹುಡುಕಿಕೊಂಡು ಹೊರಟ ಸಣ್ಣ ಉದ್ಯಮಿ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಅನ್ಯಾಯವಾಗುತ್ತದೆ.

ಆದರೂ ಒಂದು ಮಾತನ್ನು ಎಲ್ಲರಿಗೂ ಮೊದಲೇ ಹೇಳುತ್ತೇನೆ. ನಿಮ್ಮ ಫೋನ್ ಸಂಖ್ಯೆ ಬೇರೆ, ನಿಮ್ಮ ಡೇಟಾ ಬೇರೆ. ಸ್ವದೇಶದಲ್ಲಿ ಎರಡೂ ಒಂದೇ ಸಿಮ್ಮಿನಿಂದ ಬರುವುದರಿಂದ ಅವೆರಡೂ ಒಂದೇ ಎಂದು ನಮಗೆ ರೂಢಿಯಾಗಿಬಿಟ್ಟಿದೆ. ಗಡಿ ದಾಟಿದ ಮೇಲೆ ಅವನ್ನು ಬಿಡಿಸಿ ನೋಡಿದರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಇದನ್ನು ನಾನು ಕಷ್ಟಪಟ್ಟೇ ಕಲಿತೆ. ಕೆಲವು ವರ್ಷಗಳ ಹಿಂದೆ ಒಂದು ಪ್ರವಾಸದಲ್ಲಿ ವಿಮಾನ ಇಳಿದ ಕೂಡಲೇ ಅಲ್ಲಿನ ಸಿಮ್ ಕೊಂಡು, ನನ್ನ ಸಿಮ್ಮನ್ನು ಬೋರ್ಡಿಂಗ್ ಪಾಸಿನ ಮಡಿಕೆಯೊಳಗೆ ಇಟ್ಟೆ. ರಾತ್ರಿ ಹತ್ತು ದಾಟಿದ ಮೇಲೆ ಒಂದು ಪಾವತಿಗೆ ಒಪ್ಪಿಗೆ ಕೊಡಬೇಕಾಗಿ ಬಂತು. ಒಟಿಪಿ ಕಳುಹಿಸಲಾಗಿದೆ ಎಂದು ಪರದೆಯ ಮೇಲೆ ಮೂಡಿತು. ಅದು ಹೋದದ್ದು ಕಾಗದದ ಮಡಿಕೆಯಲ್ಲಿ ಮಲಗಿದ್ದ ಸಿಮ್ಮಿಗೆ. ಟ್ರೇ ತೆಗೆಯುವ ಪಿನ್ ನನ್ನ ಬಳಿ ಇರಲಿಲ್ಲ. ಹೋಟೆಲಿನ ಸ್ವಾಗತ ಮೇಜಿನಿಂದ ಪೇಪರ್ ಕ್ಲಿಪ್ ತಂದು, ಅದನ್ನು ನೆಟ್ಟಗೆ ಮಾಡಿ, ಸಿಮ್ ಬದಲಿಸಿ, ನೆಟ್‌ವರ್ಕ್ ಸಿಗುವವರೆಗೆ ಕಾದೆ. ಅಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿತ್ತು. ಮತ್ತೊಂದನ್ನು ತರಿಸಿಕೊಂಡು ಆತುರದಲ್ಲಿ ಮೂರು ಸಲ ತಪ್ಪು ಅಂಕಿ ಒತ್ತಿದೆ. ಖಾತೆಗೆ ಬೀಗ ಬಿತ್ತು. ಸಿಮ್ ಬದಲಿಸುವ ತನಕ ಡೇಟಾ ಮಾತ್ರ ಚೆನ್ನಾಗಿಯೇ ಓಡುತ್ತಿತ್ತು.

ಮೊದಲು ಅಳತೆಗೋಲು

ಒಂದು ಜಿಬಿಗೆ ಎಷ್ಟು ಎಂಬ ಲೆಕ್ಕದಿಂದ ಹುಡುಕಾಟ ಶುರುಮಾಡುವುದು ನಾನು ಕಂಡ ಸಾಮಾನ್ಯ ತಪ್ಪು. ಬೆಲೆ ಮುಖ್ಯವೇ. ಆದರೆ ಅದನ್ನು ಕೊನೆಗೆ ನೋಡಿ. ಅದಕ್ಕೂ ಮೊದಲು ಕೆಲವು ಪ್ರಶ್ನೆಗಳಿಗೆ ಒಂದು ಹಾಳೆಯ ಮೇಲೆ ಉತ್ತರ ಬರೆದುಕೊಳ್ಳಿ.

ನಿಮ್ಮ ಸಂಖ್ಯೆ ಒಂದು ದಿನ ಮೌನವಾದರೆ ಏನು ನಿಲ್ಲುತ್ತದೆ? ಬ್ಯಾಂಕಿನ ಒಟಿಪಿ, ಕಚೇರಿಯ ಲಾಗಿನ್ ಸಂಕೇತ, ಗ್ರಾಹಕರ ನೇರ ಕರೆ, ಇವುಗಳಲ್ಲಿ ಯಾವುದು ನಿಮಗೆ ಅನಿವಾರ್ಯ? ಎಷ್ಟು ದೇಶ, ಎಷ್ಟು ದಿನ? ಯಾರ ಫೋನು, ಯಾರ ಹಣ? ಕಚೇರಿ ಕೊಟ್ಟ ಫೋನಾದರೆ ಹೊಸ ಸಿಮ್ ಸೇರಿಸಲು ಐಟಿ ವಿಭಾಗ ಬಿಡದೆ ಇರಬಹುದು. ಸ್ವಂತ ಫೋನಾದರೂ ಕಂತಿನಲ್ಲಿ ಕೊಂಡದ್ದಾಗಿದ್ದರೆ ಅದು ಒಂದೇ ಕಂಪನಿಯ ಸಿಮ್ಮಿಗೆ ಬೀಗಬಿದ್ದಿರಬಹುದು. ಹಾಗಿದ್ದರೆ ಬೀಗ ತೆಗೆಸುವ ತನಕ ಬೇರೆ ಆಯ್ಕೆಗಳ ಮಾತೇ ಇಲ್ಲ.

ಇನ್ನು ನಿಜವಾಗಿ ಎಷ್ಟು ಡೇಟಾ ಬೇಕು? ಇದರಲ್ಲಿ ಅಂದಾಜು ಎರಡೂ ದಿಕ್ಕಿಗೆ ತಪ್ಪುತ್ತದೆ. ಬರಿಯ ಧ್ವನಿಯ ಸಭೆ 100 ಕೆಬಿಪಿಎಸ್ (ಸೆಕೆಂಡಿಗೆ 100 ಕಿಲೋಬಿಟ್) ಬಳಸಿದರೂ ಗಂಟೆಗೆ 45 ಎಂಬಿ ಅಷ್ಟೇ. ಅದೇ ಸಭೆಯಲ್ಲಿ ವಿಡಿಯೊ ಹಾಕಿ, ಹೋಗಲು 1.2 ಎಂಬಿಪಿಎಸ್ (ಸೆಕೆಂಡಿಗೆ 1.2 ಮೆಗಾಬಿಟ್), ಬರಲು 1.2 ಎಂಬಿಪಿಎಸ್ ಎಂದು ಹಿಡಿದರೆ ಗಂಟೆಗೆ 1 ಜಿಬಿ ದಾಟುತ್ತದೆ. ಇಪ್ಪತ್ತಕ್ಕೂ ಹೆಚ್ಚು ಪಟ್ಟು. ಆದ್ದರಿಂದ "ದಿನಕ್ಕೆ ಎಷ್ಟು ಜಿಬಿ" ಎಂದು ಕೇಳಿಕೊಳ್ಳುವ ಬದಲು "ಹೋಟೆಲಿನ ವೈಫೈ ಇಲ್ಲದ ಕಡೆ ಎಷ್ಟು ಗಂಟೆ ವಿಡಿಯೊ ಸಭೆ" ಎಂದು ಕೇಳಿಕೊಳ್ಳಿ. ಮೇಲ್, ಸಂದೇಶ, ನಕ್ಷೆ ಇವೆಲ್ಲ ಚಿಲ್ಲರೆ. ದೊಡ್ಡ ತಿಂಡಿಪೋತ ನಿಮ್ಮ ಲ್ಯಾಪ್‌ಟಾಪ್. ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿದ ಕ್ಷಣ ಅದು ತನಗೆ ವೈಫೈ ಸಿಕ್ಕಿತೆಂದು ತಿಳಿದು, ತಡೆಹಿಡಿದಿದ್ದ ಅಪ್‌ಡೇಟುಗಳನ್ನೂ ಕ್ಲೌಡ್ ಕಡತಗಳನ್ನೂ ಎಳೆಯಲು ಕೂರುತ್ತದೆ. ವಿಂಡೋಸಿನಲ್ಲಿ ಆ ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಿದರೆ, ಮ್ಯಾಕ್‌ನಲ್ಲಿ 'ಲೋ ಡೇಟಾ ಮೋಡ್' ಹಾಕಿದರೆ ಆ ಸೋರಿಕೆ ಬಹಳಷ್ಟು ನಿಲ್ಲುತ್ತದೆ.

ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ: ನಿಮ್ಮ ಡೇಟಾ ಯಾವ ದೇಶದಲ್ಲಿ ಇಂಟರ್‌ನೆಟ್ಟಿಗೆ ಇಳಿಯುತ್ತದೆ? ರೋಮಿಂಗಿನಲ್ಲಿರುವ ಸಿಮ್ ಸಾಮಾನ್ಯವಾಗಿ ಹೀಗೆ ಕೆಲಸ ಮಾಡುತ್ತದೆ: ನೀವಿರುವ ದೇಶದ ಮೊಬೈಲ್ ಗೋಪುರ ನಿಮ್ಮ ಡೇಟಾವನ್ನು ಹಿಡಿದು, ಒಂದು ಸುರಂಗದ ಮೂಲಕ ನಿಮ್ಮ ಮೂಲ ಕಂಪನಿಗೆ ಸಾಗಿಸುತ್ತದೆ, ಅಲ್ಲಿಂದ ಅದು ಇಂಟರ್‌ನೆಟ್ಟಿಗೆ ಹೊರಡುತ್ತದೆ. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಮೂಲ ಕಂಪನಿ 10,000 ಕಿಲೋಮೀಟರ್ ದೂರದಲ್ಲಿದ್ದರೆ ಒಂದು ಕಡೆಯ ದಾರಿಗೇ 50 ಮಿಲಿಸೆಕೆಂಡು. ಸಭೆಯ ಸರ್ವರ್ ನೀವಿರುವ ನಗರದಲ್ಲೇ ಇದ್ದರೂ ನಿಮ್ಮ ದನಿ ಅಷ್ಟು ದೂರ ಹೋಗಿ, ಅಷ್ಟೇ ದೂರ ಮರಳಿ ಬರಬೇಕು. ಅಲ್ಲಿಗೆ 100 ಮಿಲಿಸೆಕೆಂಡು ಸುಮ್ಮನೆ ಕಳೆಯಿತು. ಮಾತುಕತೆ ಸಹಜವಾಗಿರಬೇಕಾದರೆ ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡಿನೊಳಗೆ ಇರಬೇಕೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ಫೋನಿನಲ್ಲಿ ಐದೂ ಕಡ್ಡಿ ತೋರಿಸುತ್ತಿದ್ದರೂ ಸಭೆಯಲ್ಲಿ ಒಬ್ಬರ ಮಾತಿನ ಮೇಲೊಬ್ಬರು ಬೀಳುವುದೇಕೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಇಲ್ಲಿದೆ.

ನಿಮ್ಮದೇ ಸಿಮ್, ರೋಮಿಂಗ್ ಪ್ಯಾಕ್

ಇದರ ದೊಡ್ಡ ಗುಣ, ನೀವು ಏನನ್ನೂ ಬದಲಿಸಬೇಕಿಲ್ಲ. ಸಂಖ್ಯೆ ಅದೇ, ಒಟಿಪಿ ಬರುತ್ತದೆ, ಕರೆ ಬರುತ್ತದೆ, ಬಿಲ್ಲು ಗೊತ್ತಿರುವ ಕಂಪನಿಯಿಂದಲೇ ಬರುತ್ತದೆ. ಎರಡು ದಿನದ ಪ್ರವಾಸ, ಇಳಿದ ಒಂದು ಗಂಟೆಯಲ್ಲೇ ಸಭೆ ಎಂಬಂಥವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಹೆಚ್ಚು ತೆತ್ತ ಹಣಕ್ಕೆ ಆ ಒಂದು ಗಂಟೆ ಸಿಗುತ್ತದೆ, ಅದು ನ್ಯಾಯವಾದ ವ್ಯಾಪಾರ.

ದಿನಗಳು ಹೆಚ್ಚಿದಂತೆ ತಕ್ಕಡಿ ಬೇರೆ ಕಡೆ ವಾಲುತ್ತದೆ. ಜಿಬಿ ಲೆಕ್ಕದಲ್ಲಿ ಸಾಮಾನ್ಯವಾಗಿ ಇದೇ ದುಬಾರಿ. ಪ್ಯಾಕಿನ ಮಿತಿ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನು ತಪ್ಪದೆ ಓದಿ: ಕೆಲವರು ಡೇಟಾ ನಿಲ್ಲಿಸುತ್ತಾರೆ, ಕೆಲವರು ವೇಗ ಇಳಿಸುತ್ತಾರೆ, ಕೆಲವರು ಎಂಬಿ ಲೆಕ್ಕದಲ್ಲಿ ಶುಲ್ಕ ಹಾಕತೊಡಗುತ್ತಾರೆ. ಮೂರನೆಯದು ಅಪಾಯ. ಪ್ಯಾಕಿನ ದೇಶಗಳ ಪಟ್ಟಿಯನ್ನೂ ಹೆಸರು ಹೆಸರಾಗಿ ನೋಡಿ. 'ಯುರೋಪ್' ಎಂದು ಬರೆದ ಪ್ಯಾಕಿನಲ್ಲಿ ಸ್ವಿಟ್ಜರ್ಲೆಂಡ್ ಇಲ್ಲದಿರುವುದು ಹೊಸತೇನಲ್ಲ. ಬಾಸೆಲ್, ಜಿನೀವಾದಂಥ ಗಡಿ ನಗರಗಳ ಹತ್ತಿರ ಓಡಾಡುವಾಗ ಫೋನು ತಾನಾಗಿ ಆಚೆ ಬದಿಯ ಗೋಪುರವನ್ನು ಹಿಡಿಯುತ್ತದೆ, ನಿಮಗೆ ಗೊತ್ತಾಗುವುದು ಬಿಲ್ಲು ಬಂದಾಗ. ಅಂಥ ಕಡೆ ನೆಟ್‌ವರ್ಕ್ ಆಯ್ಕೆಯನ್ನು ಕೈಯಿಂದಲೇ ಮಾಡಿ.

ವಿಮಾನ, ಹಡಗುಗಳ ಒಳಗಿನ ಮೊಬೈಲ್ ಜಾಲಗಳು ಉಪಗ್ರಹದ ಮೂಲಕ ನಡೆಯುತ್ತವೆ. ಸಾಮಾನ್ಯ ದೇಶ-ಪ್ಯಾಕುಗಳಲ್ಲಿ ಅವು ಸೇರಿರುವುದಿಲ್ಲ. ವಿಮಾನದೊಳಗೆ ಏರ್‌ಪ್ಲೇನ್ ಮೋಡ್ ಹಾಕುವುದು ಸುರಕ್ಷತೆಗೆ ಹೇಗೋ ಜೇಬಿಗೂ ಹಾಗೆಯೇ. ಇನ್ನೊಂದು ಸಣ್ಣ ಗಂಟು: ಉತ್ತರಿಸದ ಕರೆಯನ್ನು ವಾಯ್ಸ್‌ಮೇಲಿಗೆ ತಿರುಗಿಸುವ ವ್ಯವಸ್ಥೆ ಇದ್ದರೆ, ರೋಮಿಂಗಿನಲ್ಲಿ ಆ ಕರೆ ನಿಮ್ಮ ತನಕ ಬಂದು ಮತ್ತೆ ಮೂಲ ದೇಶಕ್ಕೆ ತಿರುಗುವುದರಿಂದ ಎರಡು ಸಲ ಶುಲ್ಕ ಬೀಳಬಹುದು. ಹೊರಡುವ ಮುನ್ನ ಅದನ್ನು ರದ್ದು ಮಾಡಿ.

ಡೇಟಾ ಸುತ್ತು ಹಾಕಿ ಮೂಲ ಕಂಪನಿಗೆ ಹೋಗುವುದನ್ನು ಮೇಲೆ ದೋಷವೆಂದೆ. ಅದೇ ಕೆಲವು ಕಡೆ ವರವಾಗುತ್ತದೆ. ಚೀನಾದಲ್ಲಿ ಅಲ್ಲಿನ ಸಿಮ್ ಹಾಕಿದರೆ ಗೂಗಲ್, ವಾಟ್ಸಾಪ್ ತೆರೆಯುವುದಿಲ್ಲ. ಹೊರದೇಶದ ಸಿಮ್ ರೋಮಿಂಗಿನಲ್ಲಿದ್ದರೆ ಡೇಟಾ ಚೀನಾದ ಹೊರಗೆ ಇಂಟರ್‌ನೆಟ್ಟಿಗೆ ಇಳಿಯುವುದರಿಂದ ಅವು ಸಾಮಾನ್ಯವಾಗಿ ನಡೆಯುತ್ತವೆ. ಕಚೇರಿಯ ಮೇಲ್ ಗೂಗಲ್ ಮೇಲೆ ನಿಂತಿದ್ದರೆ ಚೀನಾ ಪ್ರವಾಸಕ್ಕೆ ಅಗ್ಗದ ಸ್ಥಳೀಯ ಸಿಮ್ಮಿಗಿಂತ ದುಬಾರಿ ರೋಮಿಂಗೇ ಲೇಸು.

ಹೋದಲ್ಲಿನ ಸಿಮ್

ವೇಗ ಬೇಕೇ, ಕಡಿಮೆ ಬೆಲೆಗೆ ಹೆಚ್ಚು ಜಿಬಿ ಬೇಕೇ, ಅಲ್ಲಿನದೇ ಸಂಖ್ಯೆ ಬೇಕೇ? ಮೂರಕ್ಕೂ ಉತ್ತರ ಇದೇ. ಡೇಟಾ ಅಲ್ಲಿಯೇ ಇಂಟರ್‌ನೆಟ್ಟಿಗೆ ಇಳಿಯುವುದರಿಂದ ವಿಡಿಯೊ ಸಭೆ ಹಗುರವಾಗಿ ನಡೆಯುತ್ತದೆ. ಅಲ್ಲಿನ ಸಂಖ್ಯೆಯ ಮಹತ್ವ ಮಾತ್ರ ಅಲ್ಲಿ ಹೋದ ಮೇಲೇ ತಿಳಿಯುವುದು. ಟ್ಯಾಕ್ಸಿ ಚಾಲಕ, ಕಟ್ಟಡದ ಭದ್ರತಾ ಸಿಬ್ಬಂದಿ, ಸಾಮಾನು ತಲುಪಿಸುವವರು ಇವರ‍್ಯಾರೂ ಅಂತಾರಾಷ್ಟ್ರೀಯ ಸಂಖ್ಯೆಗೆ ಕರೆ ಮಾಡುವ ಗೋಜಿಗೆ ಹೋಗುವುದಿಲ್ಲ. ಪ್ರದರ್ಶನ ಮಳಿಗೆ ಹಾಕಲು, ಯಂತ್ರ ಜೋಡಿಸಲು ಹೋಗುವವರು ಇದನ್ನು ಗಮನದಲ್ಲಿಡಲೇಬೇಕು.

ತೆರಬೇಕಾದದ್ದು ಸಮಯ. ಬಹಳ ದೇಶಗಳಲ್ಲಿ ಪಾಸ್‌ಪೋರ್ಟ್ ತೋರಿಸಿ ನೋಂದಾಯಿಸಬೇಕು. ಜರ್ಮನಿಯಲ್ಲಿ 2017ರ ಜುಲೈಯಿಂದ ಪ್ರೀಪೇಯ್ಡ್ ಸಿಮ್ಮಿಗೂ ಗುರುತಿನ ಪರಿಶೀಲನೆ ಕಡ್ಡಾಯ. ಬ್ರಿಟನ್ನಿನಲ್ಲಿ ಅಂಥ ಕಡ್ಡಾಯ ಇಲ್ಲ. ಜಪಾನಿನಲ್ಲಿ ಪ್ರವಾಸಿಗರಿಗೆ ಸಿಗುವ ಸಿಮ್ಮುಗಳಲ್ಲಿ ಹೆಚ್ಚಿನವು ಡೇಟಾಕ್ಕೆ ಮಾತ್ರ, ಕರೆಯ ಸಂಖ್ಯೆ ಇರುವುದಿಲ್ಲ. ಟರ್ಕಿಯಲ್ಲಿ ಹೊರಗಿನಿಂದ ತಂದ ಫೋನಿಗೆ ಅಲ್ಲಿನ ಸಿಮ್ ಹಾಕಿದರೆ, ಫೋನನ್ನು ನೋಂದಾಯಿಸದಿದ್ದಲ್ಲಿ 120 ದಿನಗಳ ನಂತರ ಆ ಫೋನು ಅಲ್ಲಿನ ಜಾಲದಲ್ಲಿ ನಿಂತುಹೋಗುತ್ತದೆ. ದೀರ್ಘ ಯೋಜನೆಗೆ ಹೋಗುವವರು ತಿಳಿದಿರಬೇಕಾದ ಸಂಗತಿ.

ಫೋನು ಹಳೆಯದಾಗಿದ್ದರೆ ಇನ್ನೊಂದು ಎಚ್ಚರ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಮುಚ್ಚಿದವು, ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಅದು ನಿಂತಿತು. ಅಲ್ಲಿ ಕರೆ ಮಾಡಲು ಫೋನಿನ ವೋಲ್ಟಿ (4ಜಿ ಜಾಲದ ಮೇಲೆಯೇ ಕರೆ ಮಾಡುವ) ಸೌಲಭ್ಯ ಅಲ್ಲಿನ ಜಾಲಕ್ಕೆ ಹೊಂದಲೇಬೇಕು. ಡೇಟಾ ಸರಾಗವಾಗಿ ಬಂದು ಕರೆ ಮಾತ್ರ ಹೋಗದಿದ್ದರೆ ಕಾರಣ ಇದೇ ಇರಬಹುದು.

ಯುರೋಪಿನ ಒಳಗೆ ಮಾತ್ರ ಸುತ್ತುವವರಿಗೆ ಒಂದು ಒಳ್ಳೆಯ ಅನುಕೂಲವಿದೆ. 2017ರ ಜೂನ್ 15ರಿಂದ ಯುರೋಪಿಯನ್ ಒಕ್ಕೂಟದ ಒಂದು ದೇಶದ ಸಿಮ್ಮನ್ನು ಮತ್ತೊಂದರಲ್ಲಿ ಹೆಚ್ಚುವರಿ ಶುಲ್ಕವಿಲ್ಲದೆ ಬಳಸಬಹುದು. ಈ ನಿಯಮವನ್ನು 2032ರವರೆಗೆ ಮುಂದುವರಿಸಲಾಗಿದೆ. ಒಕ್ಕೂಟದ 27 ದೇಶಗಳ ಜೊತೆಗೆ ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಕೂಡ ಇದರಲ್ಲಿವೆ. ಇಳಿದ ಮೊದಲ ದೇಶದಲ್ಲಿ ಒಂದು ಸಿಮ್ ಕೊಂಡರೆ ಮುಂದಿನ ನಾಲ್ಕು ದೇಶಗಳಿಗೂ ಅದೇ ಸಾಕು, ನ್ಯಾಯಯುತ ಬಳಕೆಯ ಮಿತಿಯೊಳಗೆ. ಬ್ರಿಟನ್ ಮತ್ತು ಸ್ವಿಟ್ಜರ್ಲೆಂಡಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಎರಡು ಸಿಮ್ ಹಿಡಿಯದ ಫೋನಾದರೆ ಹೋದಲ್ಲಿನ ಸಿಮ್ಮಿನ ಗೋಜಿಗೆ ಹೋಗುವ ಮುನ್ನ ನನ್ನ ಬೋರ್ಡಿಂಗ್ ಪಾಸಿನ ಕಥೆಯನ್ನು ಮತ್ತೊಮ್ಮೆ ಓದಿ.

ಪ್ರವಾಸದ ಇ-ಸಿಮ್

ನಾನು ಈಗ ಹೆಚ್ಚಾಗಿ ಬಳಸುವುದು ಇದನ್ನೇ. ಆದ್ದರಿಂದ ಇದರ ಕುಂದುಗಳನ್ನು ಇನ್ನಷ್ಟು ಬಿಡಿಸಿ ಹೇಳುವುದು ನನ್ನ ಕರ್ತವ್ಯ.

ಇ-ಸಿಮ್ ಎಂದರೆ ಫೋನಿನೊಳಗೆ ಕೂಡಿಕೊಂಡೇ ಬಂದ ಚಿಪ್ಪು. ಅದಕ್ಕೆ ಕಂಪನಿಯ ವಿವರವನ್ನು ಇಂಟರ್‌ನೆಟ್ ಮೂಲಕ ಇಳಿಸಿಕೊಳ್ಳುತ್ತೇವೆ. ಗೂಗಲ್‌ನ ಪಿಕ್ಸೆಲ್ 2 ಫೋನಿನಲ್ಲಿ 2017ರಲ್ಲಿ, ಐಫೋನಿನಲ್ಲಿ 2018ರಲ್ಲಿ ಬಂತು. ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ 14ನೇ ಸರಣಿಯಿಂದ ಸಿಮ್ ಟ್ರೇ ಎಂಬುದೇ ಇಲ್ಲ. ನಿಮ್ಮ ಫೋನಿನಲ್ಲಿ ಇದೆಯೋ ಇಲ್ಲವೋ ತಿಳಿಯಲು *#06# ಒತ್ತಿ. ಫೋನಿನ ಗುರುತಾದ ಐಎಂಇಐ ಸಂಖ್ಯೆಯ ಜೊತೆ 'ಇಐಡಿ' ಎಂಬ ಉದ್ದ ಸಂಖ್ಯೆ ಕಂಡರೆ ಇದೆ ಎಂದು ಅರ್ಥ. ಒಂದೇ ಮಾದರಿಯ ಫೋನು ಒಂದು ದೇಶದ ಆವೃತ್ತಿಯಲ್ಲಿ ಇ-ಸಿಮ್ ಇಟ್ಟುಕೊಂಡು, ಇನ್ನೊಂದು ದೇಶದ ಆವೃತ್ತಿಯಲ್ಲಿ ಬಿಟ್ಟಿರುವುದುಂಟು. ಮಾದರಿಯ ಹೆಸರು ನೋಡಿ ನಂಬಬೇಡಿ, ಒತ್ತಿ ನೋಡಿ.

ಇದರ ಹಿರಿಮೆ ಆರಂಭದಲ್ಲಿ ಹೇಳಿದ ಮಾತಿನಲ್ಲೇ ಇದೆ. ನಿಮ್ಮ ಸಿಮ್ ತನ್ನ ಜಾಗದಲ್ಲಿ ಕುಳಿತು ಒಟಿಪಿ ಪಡೆಯುತ್ತಿರುತ್ತದೆ. ಡೇಟಾ ಮಾತ್ರ ಇ-ಸಿಮ್ಮಿನಿಂದ ಬರುತ್ತದೆ. ಸಾಕಷ್ಟು ಕಂಪನಿಗಳು ರೋಮಿಂಗಿನಲ್ಲಿ ಬರುವ ಎಸ್‌ಎಂಎಸ್‌ಗೆ ಶುಲ್ಕ ಹಾಕುವುದಿಲ್ಲ, ಆದರೆ ಆ ಸಂಖ್ಯೆಗೆ ರೋಮಿಂಗ್ ಸೇವೆ ಚಾಲೂ ಆಗಿರಬೇಕು. ಬರುವ ಕರೆ ಎತ್ತಿದರೆ ಶುಲ್ಕ ಬೀಳಬಹುದು. ಎರಡನ್ನೂ ಹೊರಡುವ ಮುನ್ನ ನಿಮ್ಮ ಕಂಪನಿಯಲ್ಲಿ ವಿಚಾರಿಸಿ.

ಈಗ ಕುಂದುಗಳು. ಇ-ಸಿಮ್ ಮಾರುವ ಏರಾಲೊ, ಹೋಲಾಫ್ಲೈ ಮೊದಲಾದವು ಗೋಪುರ ನಡೆಸುವ ಕಂಪನಿಗಳಲ್ಲ. ಯಾವುದೋ ಮೂರನೆಯ ದೇಶದ ದೂರಸಂಪರ್ಕ ಕಂಪನಿಯ ಸಂಪರ್ಕವನ್ನು ನಿಮಗೆ ಮಾರುವುದೂ ಉಂಟು. ಅಂದರೆ ನೀವಿರುವ ದೇಶ ಒಂದು, ನಿಮ್ಮ ದೇಶ ಇನ್ನೊಂದು, ಡೇಟಾ ಇಂಟರ್‌ನೆಟ್ಟಿಗೆ ಇಳಿಯುವ ದೇಶ ಮತ್ತೊಂದು. ಕಚೇರಿಯ ಭದ್ರತಾ ವ್ಯವಸ್ಥೆಗೆ ಇದು ಕಳ್ಳನ ಹೆಜ್ಜೆಯಂತೆ ಕಾಣುತ್ತದೆ: ಬೆಳಿಗ್ಗೆ ಒಂದು ಖಂಡ, ಮಧ್ಯಾಹ್ನ ಇನ್ನೊಂದು. ಲಾಗಿನ್ ತಡೆದುಬಿಡಬಹುದು. ಬ್ಯಾಂಕಿನ ಆ್ಯಪ್ ಕೂಡ ಹಾಗೆ ಮುನಿಸಿಕೊಳ್ಳಬಹುದು. ಹೊರಡುವ ಮುನ್ನ ಐಟಿ ವಿಭಾಗಕ್ಕೆ ಒಂದು ಮೇಲ್ ಹಾಕಿದರೆ ಈ ತಲೆನೋವು ಬಹುಪಾಲು ತಪ್ಪುತ್ತದೆ.

'ಅನ್‌ಲಿಮಿಟೆಡ್' ಎಂಬ ಪದವನ್ನು ನಂಬುವ ಮುನ್ನ ಷರತ್ತು ಓದಿ. ದಿನದ ಮಿತಿ ಮುಗಿದ ಮೇಲೆ ವೇಗ ಇಳಿಸುವವರಿದ್ದಾರೆ. 128 ಕೆಬಿಪಿಎಸ್‌ಗೆ ಇಳಿದರೆ 10 ಎಂಬಿಯ ಒಂದು ಪ್ರೆಸೆಂಟೇಶನ್ ಕಡತ ಇಳಿಯಲು ಹತ್ತು ನಿಮಿಷ ದಾಟುತ್ತದೆ. ಹಾಟ್‌ಸ್ಪಾಟಿಗೆ ಬೇರೆಯೇ ಮಿತಿ ಇರುವುದೂ ಉಂಟು. ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ ಅಂಥ ಯೋಜನೆ ನೀರಿಲ್ಲದ ಬಾವಿ. ಅವಧಿ ಯಾವಾಗಿನಿಂದ ಶುರು ಎಂಬುದೂ ಮುಖ್ಯ: ಫೋನಿಗೆ ಇಳಿಸಿದ ದಿನದಿಂದಲೋ, ಅಲ್ಲಿನ ಗೋಪುರವನ್ನು ಮೊದಲು ಹಿಡಿದ ಗಳಿಗೆಯಿಂದಲೋ? ಮೊದಲನೆಯದಾದರೆ ಹೊರಡುವ ಹಿಂದಿನ ರಾತ್ರಿ ಇಳಿಸಿ, ಅದಕ್ಕೂ ಮುಂಚೆ ಬೇಡ. ಇ-ಸಿಮ್ ಇಳಿಸಲು ಇಂಟರ್‌ನೆಟ್ ಬೇಕೆಂಬುದನ್ನು ಮರೆತು ಪರದೇಶದ ವಿಮಾನ ನಿಲ್ದಾಣದಲ್ಲಿ ವೈಫೈಗಾಗಿ ಅಲೆದವರನ್ನು ನೋಡಿದ್ದೇನೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದರೆ ಇದೇ. ಇ-ಸಿಮ್ ಇಳಿಸಲು ಕೊಡುವ ಕ್ಯೂಆರ್ ಸಂಕೇತ ಸಾಮಾನ್ಯವಾಗಿ ಒಂದೇ ಸಲಕ್ಕೆ. ಇ-ಸಿಮ್ಮನ್ನು ಒಮ್ಮೆ ಅಳಿಸಿದರೆ ಮತ್ತೆ ಬರುವುದಿಲ್ಲ ಎಂದೇ ತಿಳಿಯಿರಿ.

ಸೆಟ್ಟಿಂಗಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಇ-ಸಿಮ್ ಸ್ವತಃ ರೋಮಿಂಗಿನಲ್ಲಿರುವುದರಿಂದ *ಅದರ* ಡೇಟಾ ರೋಮಿಂಗ್ ಗುಂಡಿ ಆನ್ ಆಗಿರಬೇಕು. ನಿಮ್ಮ ಮೂಲ ಸಿಮ್ಮಿನ ಡೇಟಾ ರೋಮಿಂಗ್ ಗುಂಡಿ ಆಫ್ ಆಗಿರಬೇಕು. ಇದು ಅದಲುಬದಲಾದರೆ ಇ-ಸಿಮ್ ಸುಮ್ಮನಿರುತ್ತದೆ, ಮೂಲ ಸಿಮ್ ಬಿಲ್ಲು ಬೆಳೆಸುತ್ತದೆ. ಐಫೋನಿನಲ್ಲಿ 'ಅಲೌ ಸೆಲ್ಯುಲರ್ ಡೇಟಾ ಸ್ವಿಚಿಂಗ್' ಎಂಬ ಇನ್ನೊಂದು ಗುಂಡಿ ಇದೆ. ಅದು ಆನ್ ಆಗಿದ್ದರೆ ಒಂದು ಸಿಮ್ಮಿನ ಸಂಪರ್ಕ ಕುಂದಿದಾಗ ಫೋನು ಇನ್ನೊಂದರ ಡೇಟಾಕ್ಕೆ ಕೈಚಾಚಬಹುದು. ಅದನ್ನೂ ಆಫ್ ಮಾಡಿ. ಈ ಮೂರು ಗುಂಡಿಗಳನ್ನು ವಿಮಾನ ಹತ್ತುವ ಮುನ್ನ ಒಮ್ಮೆ ನೋಡಲು ಅರ್ಧ ನಿಮಿಷ ಸಾಕು.

ಪಾಕೆಟ್ ವೈಫೈ, ಹೋಟೆಲ್ ವೈಫೈ

ಬಾಡಿಗೆಗೆ ಸಿಗುವ ವೈಫೈ ಡಬ್ಬಿಗೆ ಈಗ ಜಾಗ ಕಡಿಮೆಯಾಗಿದೆ. ಆದರೂ ಇ-ಸಿಮ್ ಇಲ್ಲದ ಫೋನಿನವರಿಗೆ, ಕಚೇರಿ ಬೀಗ ಹಾಕಿದ ಫೋನಿನವರಿಗೆ, ನಾಲ್ಕೈದು ಜನ ಸದಾ ಒಟ್ಟಿಗೇ ಇರುವ ತಂಡಕ್ಕೆ ಅದು ಇಂದಿಗೂ ಉಪಕಾರಿ. ಒಂದು ಬಿಲ್ಲು, ಫೋನಿನ ಸೆಟ್ಟಿಂಗಿಗೆ ಕೈಹಾಕುವ ಕೆಲಸವಿಲ್ಲ, ಫೋನಿನ ಬ್ಯಾಟರಿಯೂ ಉಳಿಯುತ್ತದೆ. ಬದಲಿಗೆ ಡಬ್ಬಿಯ ಬ್ಯಾಟರಿಯನ್ನು ಕಾಯಬೇಕು, ಠೇವಣಿ ಇಡಬೇಕು, ಹಿಂದಿರುಗಿಸುವ ಗಡುವು ನೆನಪಿಡಬೇಕು. ನಾಲ್ವರ ತಂಡದಲ್ಲಿ ಡಬ್ಬಿ ಹಿಡಿದವರು ಪಕ್ಕದ ಕಟ್ಟಡದ ಸಭೆಗೆ ಹೋದರೆ ಉಳಿದ ಮೂವರೂ ಕತ್ತಲಲ್ಲಿ. ತಂಡ ಚದುರುವುದು ಖಚಿತವೆಂದಾದರೆ ಈ ಆಯ್ಕೆ ಬಿಟ್ಟುಬಿಡಿ.

ಹೋಟೆಲು, ವಿಮಾನ ನಿಲ್ದಾಣಗಳ ಉಚಿತ ವೈಫೈಯನ್ನೇ ನೆಚ್ಚಿ ಹೊರಡುವವರಿಗೆ ನನ್ನ ಸಲಹೆ ನೇರವಾಗಿದೆ: ಕೆಲಸದ ಪ್ರವಾಸಕ್ಕೆ ಅದೊಂದೇ ಸಾಲದು. ಲಾಬಿಯಿಂದ ಹೊರಗೆ ಕಾಲಿಟ್ಟರೆ ನೀವು ಸಂಪರ್ಕದ ಆಚೆ. ಕೆಲವು ಕಡೆ ಆ ವೈಫೈಗೆ ಸೇರಲೂ ಎಸ್‌ಎಂಎಸ್ ಸಂಕೇತ ಬೇಕು. ಭದ್ರತೆಯ ಮಾತು ಕಾಲ್ಪನಿಕವೂ ಅಲ್ಲ. ಹೋಟೆಲುಗಳ ವೈಫೈ ಮೂಲಕ ಕಂಪನಿಗಳ ಹಿರಿಯ ಅಧಿಕಾರಿಗಳನ್ನೇ ಗುರಿಯಾಗಿಸಿ, ಸಾಫ್ಟ್‌ವೇರ್ ಅಪ್‌ಡೇಟಿನ ಸೋಗಿನಲ್ಲಿ ಲ್ಯಾಪ್‌ಟಾಪುಗಳಿಗೆ ಕನ್ನ ಹಾಕುತ್ತಿದ್ದ 'ಡಾರ್ಕ್‌ಹೋಟೆಲ್' ಗುಂಪಿನ ಬಗ್ಗೆ ಕ್ಯಾಸ್ಪರ್‌ಸ್ಕೀ ಸಂಸ್ಥೆ 2014ರಲ್ಲಿ ವಿವರವಾಗಿ ವರದಿ ಮಾಡಿತ್ತು. ಹೋಟೆಲಿನ ವೈಫೈಯಲ್ಲಿರುವಾಗ ತಾನಾಗಿ ಎದ್ದುಬರುವ ಅಪ್‌ಡೇಟಿಗೆ ಒಪ್ಪಿಗೆ ಕೊಡಬೇಡಿ. ಕಚೇರಿಯ ವಿಪಿಎನ್ (ಡೇಟಾವನ್ನು ಗೂಢಲಿಪಿಯಲ್ಲಿ ಸಾಗಿಸುವ ಖಾಸಗಿ ದಾರಿ) ಇಲ್ಲದೆ ಕಡತ ತೆರೆಯಬೇಡಿ. ವಿಪಿಎನ್ ಬಳಕೆಗೇ ನಿರ್ಬಂಧವಿರುವ ದೇಶಗಳಿವೆ, ಅದನ್ನೂ ಮೊದಲೇ ತಿಳಿದುಕೊಳ್ಳಿ. ದೊಡ್ಡ ಕಡತ ಇಳಿಸಲು, ರಾತ್ರಿಯ ಬ್ಯಾಕಪ್ಪಿಗೆ ಹೋಟೆಲ್ ವೈಫೈ ಸರಿ. ಗ್ರಾಹಕರ ಮುಂದಿನ ಮುಖ್ಯ ಸಭೆಗೆ ನಾನು ಮೊಬೈಲ್ ಡೇಟಾವನ್ನೇ ನೆಚ್ಚುತ್ತೇನೆ.

ಯಾರಿಗೆ ಯಾವುದು

ಒಂದು ನಗರ, ಎರಡು-ಮೂರು ದಿನ, ಕಚೇರಿಯ ಖರ್ಚು: ರೋಮಿಂಗ್ ಪ್ಯಾಕ್ ಹಾಕಿಸಿ, ಬೇರೆ ಯೋಚನೆ ಬೇಡ. ನಾಲ್ಕೈದು ದಿನ ದಾಟಿದರೆ, ಅಥವಾ ದೇಶ ಒಂದಕ್ಕಿಂತ ಹೆಚ್ಚಾದರೆ, ಪ್ರಾದೇಶಿಕ ಇ-ಸಿಮ್ (ಹಲವು ದೇಶಗಳಿಗೆ ಒಂದೇ) ತೆಗೆದುಕೊಂಡು ಮೂಲ ಸಿಮ್ಮನ್ನು ಎಸ್‌ಎಂಎಸ್‌ಗೆ ಮಾತ್ರ ಇಟ್ಟುಕೊಳ್ಳಿ. ಪ್ರಾದೇಶಿಕ ಯೋಜನೆ ದೇಶಕ್ಕೊಂದರಂತೆ ಕೊಳ್ಳುವುದಕ್ಕಿಂತ ಜಿಬಿಗೆ ದುಬಾರಿಯಾದರೂ ಗಡಿ ದಾಟುವಾಗ ರೈಲಿನಲ್ಲಿ ಸೆಟ್ಟಿಂಗ್ ಬದಲಿಸುವ ಕೆಲಸ ತಪ್ಪುತ್ತದೆ. ಒಂದೇ ದೇಶದಲ್ಲಿ ಎರಡು ವಾರಕ್ಕಿಂತ ಹೆಚ್ಚು, ದಿನವೂ ವಿಡಿಯೊ ಸಭೆ, ಅಲ್ಲಿನವರೊಂದಿಗೆ ನೇರ ಒಡನಾಟ ಎಂದಾದರೆ ಅಲ್ಲಿನ ಸಿಮ್ಮೇ ಸರಿ. ಮೊದಲ ದಿನಕ್ಕೆ ಮಾತ್ರ 1 ಜಿಬಿಯ ಸಣ್ಣ ಇ-ಸಿಮ್ ಇಟ್ಟುಕೊಂಡರೆ ವಿಮಾನ ನಿಲ್ದಾಣದ ದುಬಾರಿ ಕೌಂಟರಿನಲ್ಲಿ ಆತುರಪಟ್ಟು ಕೊಳ್ಳಬೇಕಿಲ್ಲ. ಮರುದಿನ ನಗರದ ಅಂಗಡಿಯಲ್ಲಿ ನಿಧಾನವಾಗಿ ವಿಚಾರಿಸಿ ಕೊಳ್ಳಬಹುದು.

ಸ್ವಂತ ಹಣದಲ್ಲಿ ಹೊರಟವರಿಗೆ ಎಣಿಸಿ ಖರ್ಚು ಮಾಡುವ ದಾರಿ ಇದೆ. ಮೇಲೆ ಹೇಳಿದ ಲೆಕ್ಕ ನೆನಪಿಸಿಕೊಳ್ಳಿ. ವಿಡಿಯೊ ಸಭೆಗಳನ್ನೆಲ್ಲ ಹೋಟೆಲ್ ವೈಫೈಗೆ ಇಟ್ಟುಕೊಂಡು, ಹೊರಗೆ ಧ್ವನಿ ಮಾತ್ರ ಬಳಸಿ, ನಕ್ಷೆಗಳನ್ನು ಮೊದಲೇ ಫೋನಿಗೆ ಇಳಿಸಿಕೊಂಡರೆ ವಾರಕ್ಕೆ 3 ಜಿಬಿಯಲ್ಲಿ ಆರಾಮವಾಗಿ ಮುಗಿಸಬಹುದು. ಫೋಟೊಗಳ ಕ್ಲೌಡ್ ಬ್ಯಾಕಪ್ ಮೊಬೈಲ್ ಡೇಟಾದಲ್ಲಿ ನಡೆಯದಂತೆ ನಿಲ್ಲಿಸುವುದನ್ನು ಮರೆಯಬಾರದು.

ಇನ್ನೊಂದು ಬಗೆಯವರಿದ್ದಾರೆ: ಒಂದು ಸಭೆ ತಪ್ಪಿದರೆ ವರ್ಷದ ಕೆಲಸ ಹೋಯಿತು ಎನ್ನುವವರು. ಅವರು ಒಂದನ್ನು ಆರಿಸುವುದೇ ಬೇಡ, ಎರಡನ್ನು ಇಟ್ಟುಕೊಳ್ಳಲಿ. ಇ-ಸಿಮ್ ಮುಖ್ಯ, ರೋಮಿಂಗ್ ಪ್ಯಾಕ್ ಆಪದ್ಧನ. ಎರಡೂ ಬೇರೆ ಬೇರೆ ಕಂಪನಿಯ ಗೋಪುರ ಬಳಸುವಂತೆ ನೋಡಿಕೊಂಡರೆ ಒಂದು ಜಾಲ ಕೈಕೊಟ್ಟಾಗ ಇನ್ನೊಂದು ನಿಲ್ಲುತ್ತದೆ. ಯಾವ ಇ-ಸಿಮ್ ಯಾವ ಜಾಲ ಬಳಸುತ್ತದೆ ಎಂಬುದನ್ನು ಮಾರುವವರು ಸಾಮಾನ್ಯವಾಗಿ ಯೋಜನೆಯ ವಿವರದಲ್ಲೇ ಬರೆದಿರುತ್ತಾರೆ. ಸಭೆಯ ಆಹ್ವಾನದಲ್ಲಿರುವ, ಸಾಮಾನ್ಯ ಫೋನ್ ಕರೆಯಿಂದಲೇ ಸಭೆ ಸೇರುವ ಡಯಲ್-ಇನ್ ಸಂಖ್ಯೆಯನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ. ಅರಬ್ ಅಮೀರಾತಿನಂತೆ ವಾಟ್ಸಾಪ್ ಕರೆಗಳಿಗೆ ನಿರ್ಬಂಧವಿರುವ ಕಡೆ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಒಟಿಪಿಯ ವಿಷಯದಲ್ಲಿ ಇನ್ನೊಂದು ದಾರಿಯನ್ನೂ ಹೇಳಿಬಿಡುತ್ತೇನೆ. ಬ್ಯಾಂಕು, ಕಚೇರಿಗಳು ಎಸ್‌ಎಂಎಸ್ ಬದಲು ದೃಢೀಕರಣ ಆ್ಯಪ್ ಒಪ್ಪುವುದಾದರೆ ಹೊರಡುವ ಮುನ್ನವೇ ಅದಕ್ಕೆ ಬದಲಾಯಿಸಿ. ಆರಂಕಿಯ ಸಂಕೇತ ಕೊಡುವ ಆ್ಯಪ್ ಆ ಸಂಕೇತವನ್ನು ಫೋನಿನೊಳಗೇ, ಸಮಯದ ಆಧಾರದ ಮೇಲೆ ತಯಾರಿಸುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಆಗ ನಿಮ್ಮ ಮೂಲ ಸಂಖ್ಯೆಯ ಮೇಲಿನ ಭಾರ ಇಳಿದು, ಮೇಲಿನ ಎಲ್ಲ ಆಯ್ಕೆಗಳೂ ನಿಮಗೆ ಇನ್ನಷ್ಟು ಸಲೀಸಾಗುತ್ತವೆ.

ಮರಳಿ ಬಂದ ದಿನ ಇ-ಸಿಮ್ ಮಾರಿದವರ ಆ್ಯಪ್ ಅಳಿಸುವ ಮುನ್ನ ಬಿಲ್ಲಿನ ಪ್ರತಿಯನ್ನು ಇಳಿಸಿಟ್ಟುಕೊಳ್ಳಿ. ಲೆಕ್ಕಪತ್ರ ವಿಭಾಗ ಅದನ್ನು ಕೇಳುವುದು ಒಂದು ತಿಂಗಳ ನಂತರ. ಆಮೇಲೆ ಫೋನಿನ ಡೇಟಾವನ್ನು ಮೂಲ ಸಿಮ್ಮಿಗೆ ಮರಳಿಸಿ. ಅವಧಿ ಉಳಿದಿರುವ ಇ-ಸಿಮ್ಮನ್ನು ಅಳಿಸದೆ ಆಫ್ ಮಾಡಿ ಇಟ್ಟರೆ ಸಾಕು, ಮುಂದಿನ ಪ್ರವಾಸಕ್ಕೆ ಅದಕ್ಕೇ ಡೇಟಾ ತುಂಬಿಸಿಕೊಳ್ಳಲು ಕೆಲವು ಕಂಪನಿಗಳು ಅವಕಾಶ ಕೊಡುತ್ತವೆ.